ಅರ್ಧ ನಿಮಿಷ ಮೊದಲೇ ಹೇಳುವವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಆಸ್ಪತ್ರೆಯ ಸೊರಬದ ಶಾಖೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ನೆಟ್‌ವರ್ಕ್ ಸ್ವಿಚ್ಚಿನ ಮುಂದೆ ಕೂತಿದ್ದೆ. ಫೋನ್ ಮಾಡಿದವರು ಶಿಕಾರಿಪುರದ ನಮ್ಮ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಹಿರಿಯ ಸಿಸ್ಟರ್. "ಸರ್ ಹೋಗ್ಬಿಟ್ರು ಕಣ್ರೀ. ಅಮ್ಮನ ಪಕ್ಕ ಕುರ್ಚಿ ಮೇಲೆ ಕೂತಿದ್ರು, ಕೂತಂಗೇ..." ಎಂದರು. ನಾನು "ಸರಿ" ಎಂದೆ. ಫೋನನ್ನು ಬ್ಯಾಗಿಗೆ ಹಾಕಿ, ಉಳಿದಿದ್ದ ಪೋರ್ಟುಗಳ ಸೆಟ್ಟಿಂಗ್ ಮುಗಿಸಿ, ಸೇವ್ ಮಾಡಿ, ಬಾಗಿಲಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಅದು ಬಿಟ್ಟರೆ ನನಗೆ ಏನೂ ಅನ್ನಿಸಲಿಲ್ಲ.

ಏನೂ ಅನ್ನಿಸಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸತ್ತವರ ಬಗ್ಗೆ ಬರೆಯುವವರು ಮೊದಲ ಸಾಲಿನಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಒರೆಸಿಕೊಳ್ಳಲು ಏನೂ ಇರಲಿಲ್ಲ. ಮಣ್ಣಿಗೆ ಹೋದೆ, ಹಿಡಿ ಮಣ್ಣು ಹಾಕಿದೆ, ಮಾರನೆಯ ದಿನ ಕೆಲಸಕ್ಕೆ ಬಂದೆ. ಸಿಸ್ಟಮ್ ರೂಮಿನಲ್ಲಿ ಯಾರೋ ಆಗಲೇ ಅವರ ಫೋಟೋ ಇಟ್ಟು ಹಾರ ಹಾಕಿದ್ದರು. ಆ ಹಾರದ ಎಸಳು ಕೀಬೋರ್ಡಿನ ಮೇಲೆ ಬಿದ್ದಾಗಲೆಲ್ಲ ಊದಿ ಆಚೆ ಹಾರಿಸುತ್ತಿದ್ದೆ. ಆ ವಾರ ನನ್ನ ತಲೆಯಲ್ಲಿದ್ದದ್ದು ಒಂದೇ ಸಂಗತಿ. ಅವರ ಹೆಂಡತಿ, ನಾವೆಲ್ಲ ಅಮ್ಮ ಎನ್ನುವವರು, ಇನ್ನು ಡಯಾಲಿಸಿಸ್‌ಗೆ ಬರುವುದಿಲ್ಲ ಎಂದು ಹಟ ಹಿಡಿದು ಮನೆಯಲ್ಲಿ ಕೂತಿದ್ದರು. ಸೋಮವಾರ ಮತ್ತು ಗುರುವಾರ ಅವರ ಸರದಿ. ಸರ್ ಹೋದದ್ದು ಸೋಮವಾರ. ಗುರುವಾರ ಅವರು ಬರಲಿಲ್ಲ. ಮುಂದಿನ ಸೋಮವಾರವೂ ಬಾರದಿದ್ದರೆ ಏನಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ. ಆಸ್ಪತ್ರೆಯಲ್ಲಿ ಅರ್ಧ ಜನಕ್ಕೆ ಅವರ ಹೆಸರು ಗೊತ್ತೂ ಇರಲಿಲ್ಲ, "ಸರ್" ಎಂದರೆ ಅವರೇ. ಡಾಕ್ಟರುಗಳಿಗೂ ಸರ್ ಎನ್ನುತ್ತಿದ್ದೆವು, ಆದರೆ ಆ ಸರ್ ಬೇರೆ, ಈ ಸರ್ ಬೇರೆ. ಶಿಕಾರಿಪುರದ ಪೇಟೆಯಲ್ಲಿ ಅವರ ಮನೆತನದ ಬಟ್ಟೆ ಅಂಗಡಿ ಇದೆ, ಅದನ್ನು ತಮ್ಮ ನೋಡಿಕೊಳ್ಳುತ್ತಾರೆ. ಇವರು ಮಾತ್ರ ಮೊದಲಿಂದ ತಂತಿಯ ಹಿಂದೆ ಬಿದ್ದವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಹಳ ವರ್ಷ ಇದ್ದು, ಆಮೇಲೆ ನಮ್ಮ ಖಾಸಗಿ ಆಸ್ಪತ್ರೆಗೆ ನೆಟ್‌ವರ್ಕ್ ನೋಡಿಕೊಳ್ಳಲು ಬಂದರು. ನಾನು ಅವರ ಕೈಕೆಳಗೆ ಸೇರಿದವಳು. ಉಡುತಡಿಯಿಂದ ಸ್ಕೂಟಿಯಲ್ಲಿ ಬರುತ್ತೇನೆ ಎಂದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಸ್ಕೂಟಿ ಕೆಟ್ರೆ ಯಾವ ಬಸ್ಸಿಗೆ ಬರ್ತೀರಿ?" ಬಸ್ಸಿನ ಹೊತ್ತು ನಾನು ನೋಡಿರಲಿಲ್ಲ. "ಮೊದ್ಲು ಅದನ್ನ ನೋಡ್ಕೊಂಡು ಬರ್ರಿ, ಆಮೇಲೆ ಕೆಲ್ಸ ಹೇಳ್ತೀನಿ" ಎಂದು ನನ್ನನ್ನು ವಾಪಸ್ ಕಳಿಸಿದರು. ಎಂಥ ಕಿರಿಕಿರಿ ಮನುಷ್ಯ ಎಂದುಕೊಂಡೆ.

ಅವರ ಕೆಲಸದ ರೀತಿಯೇ ಹಾಗಿತ್ತು. ಯಾವ ಸ್ವಿಚ್ಚನ್ನಾದರೂ ಮುಟ್ಟುವ ಮೊದಲು ಆ ಸ್ವಿಚ್ಚಿನಿಂದ ನಡೆಯುವ ಪ್ರತಿ ಕಂಪ್ಯೂಟರಿನ ಮುಂದೆ ಹೋಗಿ ನಿಲ್ಲುತ್ತಿದ್ದರು. ಇಲ್ಲಿ ಸ್ವಿಚ್ ಅಂದರೆ ದೀಪದ್ದಲ್ಲ, ಕಟ್ಟಡದ ಕಂಪ್ಯೂಟರುಗಳ ಕೇಬಲ್‌ಗಳೆಲ್ಲ ಬಂದು ಸೇರುವ ತಗಡಿನ ಡಬ್ಬಿ. ಔಷಧಿ ಕೌಂಟರಿನಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಸಾಲಿನಲ್ಲಿ ತಾವೂ ಒಬ್ಬರಾಗಿ ನಿಂತು, ತಮ್ಮ ಸರದಿ ಬಂದಾಗ ಕಿಟಕಿಗೆ ಬಾಗಿ ಹೇಳುತ್ತಿದ್ದರು.

"ಅಕ್ಕಾರೆ, ಇನ್ನೊಂದು ಹತ್ತು ನಿಮಿಷಕ್ಕೆ ನಿಮ್ಮ ಕಂಪ್ಯೂಟರು ಅರ್ಧ ನಿಮಿಷ ಸತ್ತಂಗೆ ಇರ್ತದೆ. ಗಾಬರಿ ಆಗಬ್ಯಾಡ್ರಿ, ಆಫ್ ಮಾಡಬ್ಯಾಡ್ರಿ. ತಾನೇ ಎದ್ದು ಬರ್ತದೆ."

"ಅರ್ಧ ನಿಮಿಷಕ್ಕೆ ಇಷ್ಟು ದೂರ ಬಂದ್ರೇನ್ರಿ ಸರ್? ಒಂದು ಮೆಸೇಜ್ ಹಾಕಿದ್ರೆ ಸಾಕಿತ್ತು."

"ಮೆಸೇಜ್ ಓದಿದ್ರೋ ಇಲ್ಲೋ ನನಗೆ ಹೆಂಗೆ ಗೊತ್ತಾಗ್ಬೇಕ್ರಿ? ಮುಖ ನೋಡಿದ್ರೆ ಗೊತ್ತಾಗ್ತದೆ."

ಆ ಅರ್ಧ ನಿಮಿಷ ಯಾಕೆಂದು ಹೇಳಬೇಕು, ಇಲ್ಲದಿದ್ದರೆ ಅವರು ಅರ್ಥವಾಗುವುದಿಲ್ಲ. ಎರಡು ಸ್ವಿಚ್ಚುಗಳ ನಡುವೆ ಎರಡು ದಾರಿ ಇದ್ದರೆ ಮಾಹಿತಿ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸು ಬಂದು, ಮತ್ತೆ ಹೋಗಿ, ಗಾಣದೆತ್ತಿನಂತೆ ಸುತ್ತತೊಡಗುತ್ತದೆ. ಸುತ್ತುತ್ತ ಸುತ್ತುತ್ತ ಬೆಳೆದು ಇಡೀ ಜಾಲವನ್ನೇ ಉಸಿರುಗಟ್ಟಿಸುತ್ತದೆ. ಅದನ್ನು ತಡೆಯಲು ಸ್ಪ್ಯಾನಿಂಗ್ ಟ್ರೀ ಎಂಬ ಏರ್ಪಾಡಿದೆ. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದನ್ನು ಯಜಮಾನ ಮಾಡಿಕೊಳ್ಳುತ್ತವೆ, ಹೆಚ್ಚುವರಿ ದಾರಿಯನ್ನು ಮುಚ್ಚಿಡುತ್ತವೆ. ಮುಖ್ಯ ದಾರಿ ಕಡಿದುಹೋದರೆ ಮಾತ್ರ ಮುಚ್ಚಿದ್ದನ್ನು ತೆರೆಯುತ್ತವೆ. ಹೀಗೆ ಏನಾದರೂ ಬದಲಾದಾಗಲೆಲ್ಲ ನಮ್ಮಲ್ಲಿದ್ದಂಥ ಹಳೆಯ ಸ್ವಿಚ್ಚುಗಳು ಮೊದಲು ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತವೆ, ಆಮೇಲೆ ಸ್ವಲ್ಪ ಹೊತ್ತು ಕಲಿಯುತ್ತವೆ, ಆಮೇಲಷ್ಟೇ ಮಾತಾಡುತ್ತವೆ. ಎಲ್ಲ ಸೇರಿ ಅರ್ಧ ನಿಮಿಷ. ಸರ್ ಕೂಡ ಹಾಗೆಯೇ. ಏನು ಕೇಳಿದರೂ ತಕ್ಷಣ ಉತ್ತರ ಕೊಟ್ಟವರಲ್ಲ. ಹೊಸಬರು ಇವರಿಗೆ ಕಿವಿ ಮಂದ ಇರಬೇಕೆಂದು ಮತ್ತೊಮ್ಮೆ ಜೋರಾಗಿ ಕೇಳುತ್ತಿದ್ದರು.

ಸರ್ ಬಂದಾಗ ಈ ಏರ್ಪಾಡು ನಮ್ಮಲ್ಲಿ ಇರಲಿಲ್ಲ. ಕಂಪ್ಯೂಟರ್ ಹಾಕಿದ ಕೂಡಲೇ ನೆಟ್ ಬರುವುದಿಲ್ಲ ಎಂದು ಯಾರೋ ಗೊಣಗಿದ್ದಕ್ಕೆ ಸರ್ ಬರುವ ಮೊದಲೇ ಅದನ್ನು ತೆಗೆಸಿಹಾಕಿದ್ದರಂತೆ. ಅವರು ಬಂದ ಹೊಸದರಲ್ಲಿ ಆಯುಧ ಪೂಜೆ ಬಂತು. ನಮ್ಮ ಆಸ್ಪತ್ರೆಯಲ್ಲಿ ಪೂಜೆ ಎಂದರೆ ಪೂಜೆಯೇ. ಆಂಬುಲೆನ್ಸು, ಎಕ್ಸ್‌ರೇ ಯಂತ್ರ, ಆಪರೇಷನ್ ಕತ್ತರಿ, ಕ್ಯಾಂಟೀನಿನ ಮಿಕ್ಸಿ, ಯಾವುದನ್ನೂ ಬಿಡುವುದಿಲ್ಲ. ಸ್ವಚ್ಛತೆಯ ಕೆಲಸದ ಅಕ್ಕನೊಬ್ಬರು ಲ್ಯಾಬಿನ ಸ್ವಿಚ್ಚನ್ನೂ ಬಿಡಲಿಲ್ಲ. ಕೇಬಲ್‌ಗಳನ್ನೆಲ್ಲ ಬಿಚ್ಚಿ, ಡಬ್ಬಿ ಒರೆಸಿ, ವಿಭೂತಿ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಕೇಬಲ್‌ಗಳನ್ನು ವಾಪಸು ಚುಚ್ಚಿದರು. ನೆಲದ ಮೇಲೆ ಒಂದು ತುದಿ ಅನಾಥವಾಗಿ ಬಿದ್ದಿತ್ತು. ಖಾಲಿ ತೂತೂ ಒಂದಿತ್ತು. ಅದಕ್ಕೆ ಇದನ್ನು ಚುಚ್ಚಿದರು. ಆ ಕೇಬಲ್ಲಿನ ಇನ್ನೊಂದು ತುದಿ ಅದೇ ಡಬ್ಬಿಯಲ್ಲೇ ಇತ್ತು.

ಸ್ವಲ್ಪ ಹೊತ್ತಿನಲ್ಲೇ ಇಡೀ ಆಸ್ಪತ್ರೆ ನಿಂತಿತು. ಬಿಲ್ಲಿಲ್ಲ, ರಿಪೋರ್ಟಿಲ್ಲ, ಔಷಧಿಯಿಲ್ಲ. ಸರ್ ಮಹಡಿಯಿಂದ ಮಹಡಿಗೆ ನಡೆದು, ಕೊನೆಗೆ ಲ್ಯಾಬಿಗೆ ಬಂದು, ಹೂ ಮುಡಿದ ಡಬ್ಬಿಯ ದೀಪಗಳೆಲ್ಲ ಹುಚ್ಚೆದ್ದು ಮಿಣುಕುವುದನ್ನು ನೋಡಿ ಆ ಕೇಬಲ್ಲನ್ನು ಎಳೆದರು. ಅಕ್ಕ ಬಾಗಿಲಲ್ಲಿ ನಿಂತಿದ್ದರು.

"ನನ್ನ ಕೈಯಾಗೆ ಆಸ್ಪತ್ರೆ ನಿಂತೋತೇನ್ರಿ?"

ಸರ್ ಎಂದಿನಂತೆ ತಡಮಾಡಿ ಹೇಳಿದರು. "ನಿಮ್ಮ ಕೈಯಾಗೆ ಅಲ್ಲ ತಾಯಿ. ಬಾಗ್ಲು ತೆಗೆದಿಟ್ಟು ನಾವು ಮಲಗಿದ್ವಿ, ನೀವು ಒಳಗೆ ಬಂದ್ರಿ, ಅಷ್ಟೇ."

ಇನ್ನು ಮುಂದೆ ಸ್ವಿಚ್ಚುಗಳಿಗೆ ಪೂಜೆ ಬೇಡ ಎಂದು ಆಡಳಿತದವರು ಸುತ್ತೋಲೆ ಹೊರಡಿಸಲು ಹೊರಟರು. ಸರ್ ಒಪ್ಪಲಿಲ್ಲ. ಆ ವಾರವೆಲ್ಲ ಕೂತು ಪ್ರತಿ ಸ್ವಿಚ್ಚಿನಲ್ಲೂ ಸ್ಪ್ಯಾನಿಂಗ್ ಟ್ರೀ ಹಾಕಿದರು. ಕಂಪ್ಯೂಟರಿನ ಕೇಬಲ್ ಚುಚ್ಚುವ ತೂತಿಗೆ, ಅಂದರೆ ಪೋರ್ಟಿಗೆ, ಕಾಯುವ ಅಗತ್ಯವಿಲ್ಲದಂತೆ ಮಾಡಿದರು. ಯಾರಾದರೂ ತಪ್ಪಾಗಿ ಚುಚ್ಚಿದರೆ ಆ ಒಂದು ಪೋರ್ಟು ಮಾತ್ರ ತಾನೇ ಮುಚ್ಚಿಕೊಳ್ಳುವಂತೆ ಕಾವಲು ಇಟ್ಟರು. ಮುಂದಿನ ವರ್ಷದ ಆಯುಧ ಪೂಜೆಗೆ ಆ ಅಕ್ಕನನ್ನೇ ಕರೆದು ಒಣ ಬಟ್ಟೆ ಕೊಟ್ಟರು. "ಮುಂದ್ಗಡೆ ಎಷ್ಟು ಬೇಕಾದ್ರೂ ವಿಭೂತಿ ಹಚ್ಚ್ರಿ, ತೂತಿಗೆ ಮಾತ್ರ ಬ್ಯಾಡ" ಎಂದರು. ಪೂಜೆಯಾದ ಮೇಲೆ ಬೇಕೆಂದೇ ಒಂದು ಕೇಬಲ್ಲಿನ ಎರಡೂ ತುದಿಗಳನ್ನು ಅದೇ ಡಬ್ಬಿಗೆ ಚುಚ್ಚಿದರು. ಆ ಕೇಬಲ್ಲಿನ ದೀಪಗಳು ಆರಿದವು, ಉಳಿದವು ನೆಮ್ಮದಿಯಾಗಿ ಉರಿಯುತ್ತಿದ್ದವು. ಸರ್ ಕೈ ಮುಗಿದರು. ಆಮೇಲೆ ಮಂಗಳಾರತಿ. ಅಂದಿನಿಂದ ನಮ್ಮಲ್ಲಿ ಪೂಜೆಯ ಕ್ರಮವೇ ಹಾಗಾಯಿತು.

ಸೊರಬದಲ್ಲಿ ಇನ್ನೊಂದು ತಮಾಷೆ. ಅಲ್ಲಿ ಸ್ಪ್ಯಾನಿಂಗ್ ಟ್ರೀ ಇತ್ತು, ಆದರೆ ಯಾರನ್ನು ಯಜಮಾನ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಹೇಳದಿದ್ದರೆ ಸಾಮಾನ್ಯವಾಗಿ ಇದ್ದುದರಲ್ಲಿ ಹಳೆಯ ಡಬ್ಬಿಯೇ ಯಜಮಾನನಾಗಿಬಿಡುತ್ತದೆ. ಹಾಗಾಗಿ ಅಲ್ಲಿ ಹಳೆ ಹಾಸಿಗೆ, ಮುರಿದ ಸ್ಟ್ರೆಚರುಗಳ ಕೋಣೆಯಲ್ಲಿ ಜೇಡರ ಬಲೆ ಕಟ್ಟಿಕೊಂಡಿದ್ದ ಒಂದು ಪುಟ್ಟ ಸ್ವಿಚ್ಚು ಇಡೀ ಕಟ್ಟಡವನ್ನು ಆಳುತ್ತಿತ್ತು. ಎಲ್ಲ ದಾರಿಗಳೂ ಸುತ್ತಿ ಬಳಸಿ ಅದರ ಮೂಲಕವೇ ಹೋಗುತ್ತಿದ್ದವು. ಸರ್ ಅದನ್ನು ಕಂಡು ಅಷ್ಟು ನಕ್ಕದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. "ಹಿರಿಯ ಅನ್ನೋ ಒಂದೇ ಕಾರಣಕ್ಕೆ ತಲೆ ಮೇಲೆ ಹಾಕ್ಯಾರಲ್ರಿ ಪಾಪ! ನಮ್ಮನೇಲಿ ನನಗೂ ಹಿಂಗೇ ಮಾಡಿದ್ರು" ಎಂದರು. ಮನೆಗೆ ಹಿರಿಮಗನೆಂದು ಅಂಗಡಿ ಇವರ ಪಾಲಿಗೆ ಬಂದದ್ದು, ಎರಡು ವರ್ಷ ಗಲ್ಲೆಯಲ್ಲಿ ಕೂತು ಕಂಗಾಲಾಗಿ ತಮ್ಮನಿಗೆ ಒಪ್ಪಿಸಿ ಓಡಿಬಂದದ್ದು, ಎಲ್ಲ ಅವತ್ತು ಹೊರಬಂತು. ಆಮೇಲೆ ಒಂದು ಅಂಕಿ ಬದಲಿಸಿ ಆ ಮುದಿ ಡಬ್ಬಿಯನ್ನು ಜವಾಬ್ದಾರಿಯಿಂದ ಬಿಡಿಸಿದರು.

ಮುಚ್ಚಿಟ್ಟ ದಾರಿಯ ದೀಪ ಕಿತ್ತಳೆ ಬಣ್ಣದಲ್ಲಿ ಉರಿಯುತ್ತದೆ. ನಮ್ಮ ಮ್ಯಾನೇಜರಿಗೆ ಅದನ್ನು ಕಂಡರೆ ತಡೆಯುತ್ತಿರಲಿಲ್ಲ. ಎಲ್ಲ ಹಸಿರಿರುವಾಗ ಇದೊಂದು ಯಾಕೆ ಕಿತ್ತಳೆ ಎಂದು ರೌಂಡ್ಸಿಗೆ ಬಂದಾಗಲೆಲ್ಲ ತಗಾದೆ.

"ಅಷ್ಟು ಕಷ್ಟಪಟ್ಟು ಎಳೆಸಿದ ಕೇಬಲ್ಲು, ಸುಮ್ನೆ ಕೂತಿದೆಯಲ್ರಿ?"

"ಸುಮ್ನೆ ಕೂತಿಲ್ರಿ. ಕೇಳಿಸ್ಕೋತಾ ಕೂತೈತಿ."

"ಕೇಳಿಸ್ಕೊಂಡು ಏನು ಮಾಡ್ತದೆ?"

"ಅದರ ಕೆಲ್ಸ ಬರದೇ ಇರ್ಲಿ ಅಂತ ಬೇಡ್ಕೊಳ್ರಿ" ಎಂದು ಸರ್ ಟೀ ಕುಡಿಯಲು ಹೊರಟುಬಿಟ್ಟರು.

ಅವರ ಹೆಂಡತಿಗೆ ಕಿಡ್ನಿ ಕೈಕೊಟ್ಟು ನಾಲ್ಕಾರು ವರ್ಷವಾಗಿತ್ತು. ಮಕ್ಕಳಿಲ್ಲ. ಅಮ್ಮ ಜಡೆ ಎಂಬ ಊರಿನ ಕಡೆಯವರು, ಮಾತು ಮಲೆನಾಡಿನದು, ನಾಲಿಗೆ ಹರಿತ. ಮೊದಮೊದಲು ಡಯಾಲಿಸಿಸ್ ಎಂದರೆ ಶಿವಮೊಗ್ಗಕ್ಕೆ ಹೋಗಬೇಕಿತ್ತು. ನಮ್ಮಲ್ಲೇ ವಾರ್ಡು ಶುರುವಾದ ಮೇಲೆ ಸರ್ ಮುಖದಲ್ಲಿ ಸ್ವಲ್ಪ ಗೆಲುವು ಬಂತು. ಸೋಮವಾರ, ಗುರುವಾರ ಬೆಳಗ್ಗೆ ಅವರನ್ನು ಕರೆತಂದು ಮಲಗಿಸಿ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದರು. ಕರೆ ಬಂದರೆ ಎದ್ದು ಹೋಗಿ, ಕೆಲಸ ಮುಗಿಸಿ ಮತ್ತೆ ಅದೇ ಕುರ್ಚಿ. ನೆಟ್‌ವರ್ಕ್ ಅರ್ಧ ನಿಮಿಷ ನಿಲ್ಲಿಸುವ ದಿನ ಆ ವಾರ್ಡಿನ ಸಿಸ್ಟರಿಗೆ ಹೇಳಿ, ಆಮೇಲೆ ಮಂಚದ ಬಳಿ ಬಂದು ಹೆಂಡತಿಗೂ ಅದನ್ನೇ ಒಪ್ಪಿಸುತ್ತಿದ್ದರು.

"ನಂಗೆಂತಕ್ಕೆ ಹೇಳ್ತೀರಿ ಮಾರಾಯ್ರೆ? ನನ್ ಮಿಷನ್ನಿಗೂ ನಿಮ್ ವಯರಿಗೂ ಸಂಬಂಧ ಇಲ್ಲ ಅಂತ ಸಿಸ್ಟರೇ ಹೇಳಿದಾರೆ."

"ಇರ್ಲಿ, ಗೊತ್ತಿರ್ಲಿ" ಎನ್ನುತ್ತಿದ್ದರು ಸರ್.

ನನ್ನ ಜೊತೆ ಸೊರಬದ ಬಸ್ಸಿನಲ್ಲಿ ಕೂತಾಗ ಅವರು ಕೆಲಸದ ಮಾತಿನ ಮಧ್ಯೆ ಮನೆಯ ಮಾತು ಸೇರಿಸುತ್ತಿದ್ದರು. ಯಾವ ಸ್ವಿಚ್ಚಿಗೆ ಯಾವ ಅಂಕಿ ಎನ್ನುತ್ತಿರುವಾಗಲೇ ಡಯಾಲಿಸಿಸ್ ಸೂಜಿ ಹಾಕುವ ಅವಳ ಎಡಗೈಗೆ ಬಿ.ಪಿ. ಪಟ್ಟಿ ಕಟ್ಟಬಾರದು ಎನ್ನುತ್ತಿದ್ದರು. ವಾರ್ಡಿನಲ್ಲಿ ಏಸಿ ಜಾಸ್ತಿ, ಅವಳಿಗೆ ಶಾಲು ಬೇಕು ಎನ್ನುತ್ತಿದ್ದರು. ಮುಗಿದ ಕೂಡಲೇ ಎಬ್ಬಿಸಬಾರದು, ತಲೆ ಸುತ್ತುತ್ತದೆ. ನೀರು ಕೇಳಿದರೆ ಒಂದು ಗುಟುಕು, ಬೈದರೆ ಇನ್ನೊಂದು. ವಯಸ್ಸಾಗುತ್ತಿದೆ, ಮಾತು ಜಾಸ್ತಿಯಾಗಿದೆ ಎಂದುಕೊಂಡು ನಾನು ಹೂಂಗುಟ್ಟುತ್ತಿದ್ದೆ.

ಶಿಕಾರಿಪುರದ ಮುಖ್ಯ ಸ್ವಿಚ್ಚು ಹಳತಾಗಿ ಬದಲಿಸಬೇಕಿತ್ತು. ಹೊಸದು ಬಂದು ಮೂಲೆಯಲ್ಲಿ ಕೂತಿತ್ತು. ಆ ಭಾನುವಾರ ಇಬ್ಬರೂ ಸೇರಿ ಹಾಕುವುದೆಂದು ಸರ್ ಗೊತ್ತು ಮಾಡಿದ್ದರು. ಅವರು ಹೋದದ್ದು ಅದರ ಹಿಂದಿನ ಸೋಮವಾರ. ಮುಂದೂಡೋಣವೇ ಎಂದು ಮ್ಯಾನೇಜರ್ ಕೇಳಿದರು. ಬೇಡ ಎಂದೆ. ಧೈರ್ಯದಿಂದಲ್ಲ. ಧೈರ್ಯ, ಹೆದರಿಕೆ ಎರಡೂ ಆಗ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಎಲ್ಲ ಕೌಂಟರುಗಳಿಗೂ ಹೋಗಿ ಹೇಳಿದೆ. ಔಷಧಿ ಕೌಂಟರಿನವರು "ನೀವೂ ಅವರಂಗೇ ಆದ್ರಲ್ರಿ" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು. ನಾನು ಮುಂದಿನ ಕೌಂಟರಿಗೆ ಹೋದೆ. ಹೊಸ ಸ್ವಿಚ್ಚಿಗೆ ಯಜಮಾನಿಕೆಯ ಅಂಕಿ ಕೊಟ್ಟು, ಕೇಬಲ್‌ಗಳನ್ನು ಒಂದೊಂದಾಗಿ ದಾಟಿಸಿದೆ. ದೀಪಗಳೆಲ್ಲ ಕಿತ್ತಳೆಯಾದವು. ಕೈ ಕಟ್ಟಿ ನಿಂತೆ. ಹಸಿರಾದವು. ಯಾವ ಕೌಂಟರಿನಿಂದಲೂ ಫೋನ್ ಬರಲಿಲ್ಲ. ಇಷ್ಟು ವರ್ಷ ಕಲಿತದ್ದನ್ನು ಒಬ್ಬಳೇ ಮಾಡಿ ಗೆದ್ದ ದಿನ ಎಷ್ಟು ಸಂತೋಷವಾಗಬೇಕಿತ್ತು! ಫೋಟೋ ಕಡೆ ನೋಡಿದೆ. ಏನೂ ಆಗಲಿಲ್ಲ. ಹೊರಗೆ ಬಂದು ಸ್ಕೂಟಿಯನ್ನು ಉಡುತಡಿಯ ಕಡೆ ತಿರುಗಿಸುವ ಬದಲು ಪೇಟೆಯ ಹಿಂದಿನ ಅವರ ಮನೆಗೆ ತಿರುಗಿಸಿದೆ.

ಅಮ್ಮ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ಪಾದ ಊದಿಕೊಂಡಿದ್ದವು. ಮುಖವೂ ತುಸು ಊದಿತ್ತು. ಮೈದುನನ ಮನೆಯವರೆಲ್ಲ ಹೇಳಿ ಹೇಳಿ ಸೋತು ಒಳಗೆ ಸೇರಿಕೊಂಡಿದ್ದರು.

"ಸ್ವಿಚ್ ಬದಲಾಯಿಸಿದೆ ಅಮ್ಮ. ಅರ್ಧ ನಿಮಿಷ ನಿಂತಿತ್ತು" ಎಂದೆ. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ.

"ಎಲ್ಲರಿಗೂ ಹೇಳಿದ್ಯಾ?"

"ಹೇಳಿದೆ."

"ಅವ್ರೂ ಹೇಳೋರು. ಊರಿಗೆಲ್ಲ ಹೇಳೋರು, ಸಂಬಂಧ ಇಲ್ದಿದ್ರೂ ನಂಗೂ ಹೇಳೋರು." ಅಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು. "ಅವತ್ತು ಮಾತ್ರ ಎಂತದೂ ಹೇಳ್ಲಿಲ್ಲ ಮಾರಾಯ್ತಿ. ನಾನು ಇತ್ಲಾಗೆ ಮುಖ ಮಾಡಿ ಮಲ್ಗಿದ್ದೆ. ತಿರುಗಿ ನೋಡಿದ್ರೆ ಆಗಿಹೋಗಿತ್ತು."

ನನಗೇ ಗೊತ್ತಿಲ್ಲದೆ ಬಾಯಿಂದ ಬಂತು. "ನನಗೆ ಇನ್ನೂ ಅಳು ಬಂದಿಲ್ಲ ಅಮ್ಮ."

ಅವರು ನನ್ನ ಮುಖ ನೋಡಿದರು. "ನಂಗೂ ಬಂದಿಲ್ಲ. ಬಂದೋರೆಲ್ಲ ಕಾಯ್ತಾ ಕೂರ್ತಾರೆ, ಇವಳು ಯಾವಾಗ ಅಳ್ತಾಳೆ ಅಂತ. ಕಾದು ಕಾದು ಟೀ ಕುಡ್ದು ಹೋಗ್ತಾರೆ."

"ನಾಳೆ ಸೋಮವಾರ" ಎಂದೆ.

"ಗೊತ್ತು. ಸಾಯೋಕೆ ಹೆದ್ರಿಕೆ ಇಲ್ಲ ಅಂತಲ್ಲ, ಇದೆ. ಸೂಜಿಗೆ ಹೆದ್ರಿಕೆ ಇಲ್ಲ. ಆದ್ರೆ ಅಲ್ಲಿ ಮಲಗಿದ್ರೆ ಆ ಕುರ್ಚಿ ಕಣ್ಣಿಗೆ ಬೀಳ್ತದೆ. ಖಾಲಿ ಕುರ್ಚಿ ನೋಡ್ತಾ ನಾಲ್ಕು ತಾಸು ಮಲಗೋದು ನನ್ ಕೈಲಿ ಆಗದು."

"ನಾನು ಕೂರ್ತೀನಿ."

"ನಿಂಗೆ ಕೆಲ್ಸ ಇಲ್ವಾ?"

"ಅವ್ರಿಗೂ ಇತ್ತು."

ಅಮ್ಮ ಮತ್ತೆ ಸೀರೆಯ ಅಂಚನ್ನು ಬೆರಳಿಗೆ ಸುತ್ತತೊಡಗಿದರು. ನಾನು ಎದ್ದು ಬಂದೆ. ಮಾರನೆಯ ಬೆಳಗ್ಗೆ ಹೋದಾಗ ಬಾಗಿಲು ಮುಚ್ಚಿತ್ತು. ಹಾರ್ನ್ ಮಾಡಲು ಮನಸ್ಸಾಗಲಿಲ್ಲ. ಸ್ಕೂಟಿ ನಿಲ್ಲಿಸಿಕೊಂಡು ರಸ್ತೆಯಲ್ಲೇ ಕಾದೆ. ಹಾಲಿನವನು ಬಂದು ಹೋದ. ಎದುರು ಮನೆಯವರು ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಇಟ್ಟು ಒಳಗೆ ಹೋದರು. ಆಮೇಲೆ ಬಾಗಿಲು ತೆರೆಯಿತು. ಅಮ್ಮ ಶಾಲು ಹೊದ್ದುಕೊಂಡು, ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ನಿನ್ ಸ್ಕೂಟಿ ಮೇಲೆ ನಾನು ಕೂರೋದಿಲ್ಲ, ಆಟೋ ಕರಿ" ಎಂದರು.

ವಾರ್ಡಿನಲ್ಲಿ ಹಿರಿಯ ಸಿಸ್ಟರು ಅಮ್ಮನನ್ನು ಕಂಡದ್ದೇ ಹಾಸಿಗೆ ಸರಿ ಮಾಡಿದರು. ಸೂಜಿ ಹಾಕಿದರು. ಯಂತ್ರ ತಿರುಗತೊಡಗಿತು, ನಳಿಕೆಯಲ್ಲಿ ರಕ್ತ ಹರಿಯಿತು. ನಾನು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅಮ್ಮ ಒಮ್ಮೆ ಈ ಕಡೆ ನೋಡಿ ಕಣ್ಣು ಮುಚ್ಚಿದರು.

ಹೊಸದಾಗಿ ಸೇರಿದ ನರ್ಸೊಬ್ಬಳು ಬಂದಳು. ನನ್ನ ಕೊರಳಿನಲ್ಲಿದ್ದ ಆಸ್ಪತ್ರೆಯ ಗುರುತಿನ ಚೀಟಿ ನೋಡಿ, "ಮೇಡಂ, ನೀವು ಸಿಸ್ಟಮ್ ರೂಮಿನೋರಲ್ವಾ? ಇಲ್ಲಿ ಸ್ಟಾಫ್ ಕೂರೋ ಹಂಗಿಲ್ಲ. ಈ ಕುರ್ಚಿ ಪೇಷಂಟ್ ಕಡೆಯೋರಿಗೆ" ಎಂದಳು. ಅವಳು ಹೇಳಿದ್ದು ಸರಿಯೇ. ನಾನು ಏಳಲು ಹೋದೆ.

ಅಮ್ಮ ಕಣ್ಣು ತೆರೆಯದೆಯೇ ಬಲಗೈ ಚಾಚಿ ನನ್ನ ಮಣಿಕಟ್ಟು ಹಿಡಿದರು.

"ಕೂತ್ಕೋ ನೀನು" ಎಂದು ನನಗೆ ಹೇಳಿ, ನರ್ಸಿಗೆ ಹೇಳಿದರು, "ಇವ್ಳು ನಮ್ ಮನೆಯೋರ ಕಡೆಯೋಳು."

ನಾನು ಕೂತೆ. ಆಗ ಅಳು ಬಂತು.